ಗಾಜು ತೊಳೆಯೋಕೆ ತಂದ ಮೀನು ಕೆರೆಗೆ ಹೋಗಬಾರದು

ಮಾಕಳಿಯಿಂದ ಮಾತಾಡ್ತಿದ್ದೀನಿ. ನಡುವೆ ತುಮಕೂರು ರೋಡಿನ ಲಾರಿ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಇವತ್ತಿನ ವಿಷಯ ಕ್ಯಾಟ್‌ಫಿಶ್, ಅಂದ್ರೆ ಬೆಕ್ಕಿನ ಹಾಗೆ ಮೀಸೆ ಇರೋ ಮೀನು. ಮನೆ ಅಕ್ವೇರಿಯಂನಲ್ಲಿ ಗಪ್ಪಿ, ಮೋಲಿ, ಟೆಟ್ರಾ ಜೊತೆ ಯಾವ ಕ್ಯಾಟ್‌ಫಿಶ್ ಸಾಕಬಹುದು? ಯಾವುದು ಬೇಡ? ಈಗಾಗಲೇ ತಂದಾಗಿದ್ರೆ ಏನು ಮಾಡೋದು?

ಮೊದಲು ಎಲ್ಲರಿಗೂ ಗೊತ್ತಿರೋ ಸಕ್ಕರ್ ಫಿಶ್. "ಇದೊಂದು ಹಾಕ್ಕೊಳ್ಳಿ, ಗಾಜೆಲ್ಲ ಅದೇ ಕ್ಲೀನ್ ಮಾಡುತ್ತೆ" ಅಂತ ಕೊಡ್ತಾರಲ್ಲ, ಅದೇ. ಹವ್ಯಾಸಿಗಳು ಪ್ಲೆಕೊ ಅಂತಾರೆ. ಇದರ ತವರು ದಕ್ಷಿಣ ಅಮೆರಿಕ. ಅಂಗಡಿಯಲ್ಲಿ ಎರಡು ಇಂಚು ಇರುತ್ತೆ, ಪೂರ್ತಿ ಬೆಳೆದ್ರೆ ಒಂದೂವರೆ ಅಡಿವರೆಗೂ ಹೋಗುತ್ತೆ.

ಬಿ.ಕಾಂ ಓದಿದ್ದಕ್ಕೆ ಒಂದು ಸಣ್ಣ ಲೆಕ್ಕ ಹಾಕ್ತೀನಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರೋದು ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ತುಂಬಾ ತುಂಬಿಸಿದ್ರೂ ಸುಮಾರು 56 ಲೀಟರ್ ನೀರು. ಒಂದಡಿ ಅಗಲದಲ್ಲಿ ಒಂದೂವರೆ ಅಡಿ ಮೀನು ತಿರುಗೋದಾದ್ರೂ ಹೇಗೆ? ಇನ್ನೊಂದು ವಿಷಯ, ಚಿಕ್ಕದಿದ್ದಾಗ ಪಾಚಿ ತಿನ್ನುತ್ತೆ ನಿಜ. ಆದ್ರೆ ಬೆಳೀತಾ ಬೆಳೀತಾ ಟ್ಯಾಂಕಿನಲ್ಲಿ ಅತಿ ಹೆಚ್ಚು ಗಲೀಜು ಮಾಡೋದೇ ಅದು.

'ಶಾರ್ಕ್' ಅಂತ ಮಾರೋ ಪಂಗಾಸಿಯಸ್ ಕೂಡ ಕ್ಯಾಟ್‌ಫಿಶ್ಶೇ. ಹೋಟೆಲ್‌ಗಳಲ್ಲಿ ಬಾಸಾ ಅಂತ ಬಡಿಸೋ ಜಾತಿ. ಮೂರಡಿ ದಾಟಬಲ್ಲದು. ರೆಡ್‌ಟೈಲ್ ಕೂಡ ಹಾಗೇ, ಮೇಲಾಗಿ ಅದರ ಬಾಯಿಗೆ ಹಿಡಿಸೋ ಮೀನೆಲ್ಲ ಅದಕ್ಕೆ ಊಟ. ಇವೆರಡೂ ಮನೆಗೆ ಬೇಡ.

ಹಾಗಾದ್ರೆ ಯಾವುದು ಬೇಕು? ಕೋರಿಡೋರಾಸ್. ಬೆಳೆದ್ರೂ ಎರಡೂವರೆ ಇಂಚಿನ ಆಸುಪಾಸು. ಯಾರ ತಂಟೆಗೂ ಹೋಗಲ್ಲ. ಒಂಟಿಯಾಗಿದ್ರೆ ಮುದುಡಿಕೊಂಡು ಇರುತ್ತೆ, ಅದಕ್ಕೆ ಒಂದೇ ಜಾತಿಯ ಆರು ತನ್ನಿ. ತಳಕ್ಕೆ ನುಣ್ಣನೆ ಮರಳು ಹಾಕಿ, ಚೂಪು ಕಲ್ಲಿಗೆ ಮೀಸೆ ಸವೆಯುತ್ತೆ. ಮೇಲಿನ ಮೀನು ಬಿಟ್ಟ ಎಂಜಲಲ್ಲೇ ಬದುಕುತ್ತೆ ಅನ್ಕೋಬೇಡಿ, ಮುಳುಗೋ ಪೆಲೆಟ್ ಬೇರೆಯಾಗಿ ಹಾಕಿ, ಲೈಟ್ ಆರಿಸೋ ಹೊತ್ತಿಗೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋದ್ರೆ ಗಾಬರಿ ಬೇಡ, ಅದು ಕರುಳಿನಿಂದಲೂ ಉಸಿರಾಡುತ್ತೆ. ಎಲ್ಲವೂ ಬಿಡದೆ ಹಾಗೆ ಮಾಡಿದ್ರೆ ಮಾತ್ರ ನೀರು ಚೆಕ್ ಮಾಡಿ. ವಾರಕ್ಕೆ ಕಾಲುಭಾಗ ನೀರು ಬದಲಾಯಿಸಿ. ಬೋರ್‌ವೆಲ್ ನೀರು ಗಡಸು ಇರುತ್ತೆ, ಹೊಸ ಮೀನನ್ನ ಆ ನೀರಿಗೆ ನಿಧಾನವಾಗಿ ಒಗ್ಗಿಸಿ. ಪಾಚಿಗೇ ಒಂದು ಮೀನು ಬೇಕು ಅಂದ್ರೆ ಬ್ರಿಸಲ್‌ನೋಸ್ ಪ್ಲೆಕೊ ಕೇಳಿ, ಐದು ಇಂಚಿಗೆ ನಿಲ್ಲುತ್ತೆ.

ಈಗ ಮುಖ್ಯ ವಿಷಯ. ಸಕ್ಕರ್ ದೊಡ್ಡದಾಯ್ತು, ಟ್ಯಾಂಕ್ ಸಾಲ್ತಿಲ್ಲ. ಸಾಯಿಸೋದು ಪಾಪ, ಕೆರೆಗೆ ಬಿಟ್ರೆ ಪುಣ್ಯ ಅಂತ ಮನೇಲಿ ಹೇಳ್ತಾರೆ. ದಯವಿಟ್ಟು ಬಿಡಬೇಡಿ. ಇದರ ಮೈ ಮೇಲೆ ಮೂಳೆ ತಟ್ಟೆಗಳ ಕವಚ ಇದೆ, ಹಕ್ಕಿಗಳಿಗೆ ಸುಲಭದ ತುತ್ತಲ್ಲ. ಆಮ್ಲಜನಕ ಕಮ್ಮಿ ಇರೋ ಕೊಳಕು ನೀರಲ್ಲೂ ಗಾಳಿ ನುಂಗಿ ಬದುಕುತ್ತೆ. ಮೊಟ್ಟೆಗೆ ಅಂತ ದಡ ಕೊರೆಯುತ್ತೆ. ಮೀನುಗಾರರ ಬಲೆಗೆ ಸಿಕ್ಕಿಕೊಂಡು ಬಲೇನೇ ಹರಿಯುತ್ತೆ. ಹಿಡಿದ್ರೂ ಕೊಳ್ಳೋರಿಲ್ಲ. ಕೇರಳ, ತಮಿಳುನಾಡು, ಆಂಧ್ರದ ನೀರುಗಳಲ್ಲಿ ಈಗಾಗಲೇ ತಳ ಊರಿದೆ.

ನಮ್ಮ ಕೆರೆಗಳು ಒಂದಕ್ಕೊಂದು ಸರಪಳಿ. ಒಂದು ಕೋಡಿ ಬಿದ್ರೆ ನೀರು ಮುಂದಿನದಕ್ಕೆ. ನಮ್ಮ ಹತ್ತಿರದ ಹೆಸರಘಟ್ಟ ಕೆರೆ ನೋಡಿ, 1894ರಲ್ಲಿ ಬೆಂಗಳೂರಿಗೆ ಕುಡಿಯೋ ನೀರು ಕೊಡೋಕೆ ಅರ್ಕಾವತಿಗೆ ಕಟ್ಟಿದ್ದು. ಅದು ಕೋಡಿ ಬಿದ್ರೆ ನೀರು ತಿಪ್ಪಗೊಂಡನಹಳ್ಳಿ ಕಡೆಗೆ. ಒಬ್ಬರು ಬಕೆಟ್‌ನಲ್ಲಿ ತಂದು ಬಿಟ್ಟ ಮೀನಿಗೆ ಅಷ್ಟು ದೂರದ ದಾರಿ ತೆರೆದೇ ಇರುತ್ತೆ. ಆಮೇಲೆ ಒಂದು ಕೆರೆಯಿಂದ ಅದನ್ನ ಪೂರ್ತಿ ತೆಗೆಯೋದು ಯಾರ ಕೈಲೂ ಸುಲಭ ಅಲ್ಲ.

ಏನು ಮಾಡಬಹುದು? ತಂದ ಅಂಗಡಿಗೆ ವಾಪಸ್ ಕೊಡಿ, ದುಡ್ಡು ಕೇಳಬೇಡಿ, ತಗೊಂಡ್ರೆ ಸಾಕು. ಇಲ್ಲಾಂದ್ರೆ ಆರಡಿ ಟ್ಯಾಂಕ್ ಅಥವಾ ಮನೆಯೊಳಗೇ ಸಿಮೆಂಟ್ ತೊಟ್ಟಿ ಇರೋರನ್ನ ಹುಡುಕಿ ಕೊಡಿ. ತರೋಕೆ ಮುಂಚೆ ಅಂಗಡಿಯವರನ್ನ ಒಂದೇ ಪ್ರಶ್ನೆ ಕೇಳಿ: "ಅಣ್ಣ, ಇದು ಎಷ್ಟು ದೊಡ್ಡದಾಗುತ್ತೆ?" ಉತ್ತರ ನಿಮ್ಮ ಟ್ಯಾಂಕಿನ ಅಗಲಕ್ಕಿಂತ ಜಾಸ್ತಿ ಬಂದ್ರೆ, ನೋಡಿ ಖುಷಿಪಟ್ಟು ಬನ್ನಿ, ಕವರ್‌ನಲ್ಲಿ ಕಟ್ಟಿಸ್ಕೊಂಡು ಬರಬೇಡಿ.

ಸಕ್ಕರ್ ಸಾಕಿರೋ ಫ್ರೆಂಡ್ ಒಬ್ಬರಾದ್ರೂ ನಿಮಗೆ ಇದ್ದೇ ಇರ್ತಾರೆ, ಈ ಎಪಿಸೋಡ್ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.