ತಾಳದ ಪೆಟ್ಟಿಗೆಗೆ ನಮ್ಮ ಸೀಮೆಯ ಕೋರಿಕೆ



ಮದ್ದೂರು, ನಾರಾಯಣಪೇಟೆ, ಮಕ್ತಲ್, ಗದ್ವಾಲದ ಸೀಮೆಯಲ್ಲಿ ಭಜನೆಗೆ ಕೂತರೆ ಒಂದು ಹಾಡು ತೆಲುಗಿನದು, ಮುಂದಿನದು ಕನ್ನಡದ್ದು. ಭಾಷೆ ಬದಲಾದರೂ ತಾಳ ತಪ್ಪಬಾರದು. ಆದರೆ ತಬಲಾ ಬಾರಿಸುವ ಕೈಗಳು ಊರಲ್ಲಿ ಉಳಿಯುವುದು ಕಷ್ಟವಾಗಿದೆ. ದುಡಿಮೆಗೆಂದು ಹೈದರಾಬಾದು, ಮುಂಬಯಿ, ಬೆಂಗಳೂರು ಸೇರಿದವರು ವಾರದ ಭಜನೆಗೆ ಬರಲಾರರು. ಆ ಖಾಲಿ ಜಾಗಕ್ಕೆ ಎಲೆಕ್ಟ್ರಾನಿಕ್ ತಾಳದ ಪೆಟ್ಟಿಗೆ ಬಂದಿದೆ. ಅದರ ತಯಾರಕರಿಗೆ ನಾವೇನು ಕೇಳಬೇಕು ಎಂಬುದೇ ಇಂದಿನ ಮಾತು.

ಮೊದಲೇ ಗೊತ್ತುಮಾಡಿದ ಪೆಟ್ಟುಗಳನ್ನು ಸಾಲಾಗಿ ನುಡಿಸುವ ಯಂತ್ರಕ್ಕೆ ಸೀಕ್ವೆನ್ಸರ್ ಎನ್ನುತ್ತಾರೆ. 1980ರಲ್ಲಿ ಜಪಾನಿನ ರೋಲೆಂಡ್ ಕಂಪನಿ ತಂದ ಟಿಆರ್-808 ಯಂತ್ರದಲ್ಲಿ 16 ಗುಂಡಿಗಳ ಸಾಲಿತ್ತು. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಅದೇ ಯಂತ್ರದ ಮೇಲೆ ಹತ್ತು ರಾಗಗಳ ಧ್ವನಿಮುದ್ರಿಕೆ ಹೊರತಂದರು. ನಮ್ಮವರೇ ಆದ ಜಿ. ರಾಜ್ ನಾರಾಯಣ್, ಕೊಳಲು ವಾದಕರೂ ಇಂಜಿನಿಯರೂ ಹೌದು. ಅವರು ಬೆಂಗಳೂರಿನಲ್ಲಿ ರಾಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿ, ತಾಳಮಾಲಾ, ತಾಳೋಮೀಟರುಗಳನ್ನು ಕೊಟ್ಟರು. ಹಾಡುವವನ ಕಷ್ಟ ಬಲ್ಲವನು ಯಂತ್ರ ಮಾಡಿದರೆ ಅದು ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ನಮ್ಮ ಕಷ್ಟವನ್ನು ನಾವೇ ಬರೆದು ತಿಳಿಸಬೇಕು.

ಮೊದಲ ಕೋರಿಕೆ ಹೆಸರಿನದು. ಹಿಂದುಸ್ತಾನಿಯಲ್ಲಿ ರೂಪಕವೆಂದರೆ 7 ಮಾತ್ರೆ. ಕರ್ನಾಟಕ ಸಂಗೀತದಲ್ಲಿ ರೂಪಕವೆಂದರೆ 6 ಅಕ್ಷರ. ನಮ್ಮ ಗಡಿಯಲ್ಲಿ ಎರಡು ಪದ್ಧತಿಯವರೂ ಒಂದೇ ಜಮಖಾನೆಯ ಮೇಲೆ ಕೂಡುತ್ತಾರೆ. ಗುಂಡಿಯ ಮೇಲೆ ಬರೀ ‘ರೂಪಕ’ ಎಂದಿದ್ದರೆ ಮೊದಲ ಆವರ್ತದಲ್ಲೇ ಹಾಡು ಎಡವುತ್ತದೆ. ಹೆಸರಿನ ಪಕ್ಕದಲ್ಲಿ ಎಣಿಕೆಯೂ ಇರಲಿ. ಬರಹ ಕನ್ನಡ, ತೆಲುಗು ಎರಡು ಲಿಪಿಯಲ್ಲೂ ಇರಲಿ.

ಎರಡನೆಯದು ಲಯ. ಭಜನೆ ನಿಧಾನವಾಗಿ ಶುರುವಾಗಿ ಕೊನೆಗೆ ಬಿರುಸಾಗುತ್ತದೆ. ಹಾಡುತ್ತಿರುವಾಗ ತಿರುಗಣೆ ತಿರುವಲು ಕೈ ಬಿಡುವಿಲ್ಲ; ತಿರುವಿದರೂ ಲಯ ಜಿಗಿಯುತ್ತದೆ. ಪ್ರತಿ ಆವರ್ತಕ್ಕೆ ಇಷ್ಟು ಏರಲಿ ಎಂದು ಮೊದಲೇ ಹೇಳಿಡುವಂತಿರಬೇಕು. 8 ಮಾತ್ರೆಯ ಕೆಹರ್ವಾ ನಿಮಿಷಕ್ಕೆ 80 ಮಾತ್ರೆಯಲ್ಲಿ ಶುರುವಾಗಿ, ಪ್ರತಿ ಆವರ್ತಕ್ಕೆ 2ರಂತೆ ಏರಿದರೆ, ಸುಮಾರು ಒಂದೂವರೆ ನಿಮಿಷದಲ್ಲಿ 120ಕ್ಕೆ ಮುಟ್ಟುತ್ತದೆ. ಹಾಡುವವರಿಗೆ ಏರಿದ್ದೇ ತಿಳಿಯದು.

ಮೂರನೆಯದು ಕಾಲಿನ ಪೆಡಲು. ಹಾರ್ಮೋನಿಯಂ ಹಿಡಿದವನಿಗೆ ಎರಡೂ ಕೈ ಕಟ್ಟಿರುತ್ತವೆ. ಒಮ್ಮೆ ಒತ್ತಿದರೆ ತಾಳ ನಿಲ್ಲಬೇಕು, ಮತ್ತೆ ಒತ್ತಿದರೆ ಸಮದಿಂದಲೇ ಎತ್ತಿಕೊಳ್ಳಬೇಕು. ಸಾಲನ್ನು ಎಳೆದು ಹಾಡಿ, ನಡುವೆ ಅರ್ಥ ಹೇಳುವ ರೂಢಿ ನಮ್ಮದು. ಯಂತ್ರ ಅದಕ್ಕಾಗಿ ಕಾಯಬೇಕು.

ನಾಲ್ಕನೆಯದು ಶ್ರುತಿ. ಹಳೆಯ ಹಾರ್ಮೋನಿಯಂನ ‘ಕರಿ ಎರಡು’ ಕಾರ್ಖಾನೆಯ ಅಳತೆಗೆ ಸರಿಯಾಗಿ ಕೂಡದು. ಹಾರ್ಮೋನಿಯಂ ತಿದ್ದಿಸುವುದು ದುಬಾರಿ. ಪೆಟ್ಟಿಗೆಯ ಶ್ರುತಿಯನ್ನೇ ಕೂದಲೆಳೆಯಷ್ಟು ಸರಿಸುವಂತಿರಲಿ. ಕರೆಂಟು ಹೋಗಿ ಬಂದರೂ ಇಟ್ಟ ಶ್ರುತಿ, ತಾಳ ನೆನಪಿರಲಿ.

ಕೊನೆಯದೇ ದೊಡ್ಡದು. ನಮ್ಮೂರಿನ ಹಿರಿಯರ ನಡೆ ಯಾವ ಪೆಟ್ಟಿಗೆಯಲ್ಲೂ ಸಿದ್ಧವಾಗಿ ಬರುವುದಿಲ್ಲ. ಅದನ್ನು ನಾವೇ ಬೋಲು ಬೋಲಾಗಿ ತುಂಬಿ, ಹೆಸರಿಟ್ಟು, ಉಳಿಸುವ ಅನುಕೂಲ ಬೇಕು. ತಬಲಾ ಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು ತುಂಬಿದರೆ, ಅವರ ಕೈಯ ಲೆಕ್ಕವಾದರೂ ಮಕ್ಕಳಿಗೆ ದಕ್ಕೀತು. ಜೊತೆಗೆ ದಗ್ಗಾದ ದನಿ ಬೇರೆ, ಬಲಗೈ ತಬಲಾದ ದನಿ ಬೇರೆಯಾಗಿ ತಗ್ಗಿಸುವಂತಿರಲಿ. ಆಗ ಕಲಿಯುವ ಹುಡುಗ ಒಂದನ್ನು ಮುಚ್ಚಿ, ಆ ಪಾಲನ್ನು ತಾನೇ ಬಾರಿಸಿ ಕಲಿಯಬಹುದು.

ತಯಾರಕರಿಗೆ ಬರೆಯುವಾಗ ‘ಇನ್ನೂ ಚೆನ್ನಾಗಿ ಮಾಡಿ’ ಎಂದಷ್ಟೇ ಬರೆದರೆ ಸಾಲದು. ಯಾವ ಹಾಡಿನಲ್ಲಿ, ಯಾವ ಗಳಿಗೆಯಲ್ಲಿ, ಕೈ ಎಲ್ಲಿರುತ್ತದೆ, ಈಗ ಏನಾಗುತ್ತದೆ, ಏನಾಗಬೇಕು – ಇಷ್ಟು ಒಂದೇ ಪುಟದಲ್ಲಿ ಬರೆಯಿರಿ. ಎಲ್ಲವನ್ನೂ ಒಮ್ಮೆಗೇ ಕೇಳದೆ ಮುಖ್ಯವಾದ ಎರಡನ್ನು ಮೊದಲಿಡಿ.

ಯಂತ್ರಕ್ಕೆ ಕಿವಿಯಿಲ್ಲ. ಹಾಡುವವನ ಉಸಿರು ನೋಡಿ ಕೈ ತಡೆಯುವುದು ಮನುಷ್ಯನಿಂದ ಮಾತ್ರ ಸಾಧ್ಯ. ಊರಿಗೆ ತಬಲಾದವನು ಬಂದ ದಿನ ಪೆಟ್ಟಿಗೆಯನ್ನು ಮುಚ್ಚಿ, ಅವನಿಗೆ ಜಾಗ ಬಿಡಿ.