ಆ್ಯಪ್‌ಗೂ ಮೊದಲು ಒಂದು ನೋಟ್‌ಬುಕ್ಕು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನವೋದ್ಯಮ ಶುರು ಮಾಡೋದು ಹೇಗೆ ಅಂತ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಗೆದ್ದವರನ್ನು ಕರೆಸಬೇಕಿತ್ತು ಸಾರ್ ಅಂದೆ. ಸೋತದ್ದನ್ನೇ ಹೇಳಿ ಅಂದರು. ಹಾಗಾಗಿ ನಿಂತಿದ್ದೇನೆ.

ನಮ್ಮ ಶಾಲೆಯ ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದರು. ಹಳಬರಿಗೆಲ್ಲ ಗೊತ್ತು. ಪರಸ್ಥಳದಿಂದ ಬಂದ ಇಬ್ಬರು ಮೇಷ್ಟ್ರಿಗೆ ಮಧ್ಯಾಹ್ನದ ಊಟ ಹಾಕಲು ಶುರು ಮಾಡಿದರು. ಬೋರ್ಡಿಲ್ಲ, ಟೇಬಲ್ಲಿಲ್ಲ. ಮನೆಗೆ ಮಾಡಿದ ಮುದ್ದೆ ಸಾರಿನ ಜೊತೆಗೇ ಇನ್ನೆರಡು ಮುದ್ದೆ. ಒಂದು ತಿಂಗಳಾದ ಮೇಲೆ ಮೇಷ್ಟ್ರು ದುಡ್ಡು ಕೊಟ್ಟರು, ಮುಂದಿನ ತಿಂಗಳಿಗೂ ಹೇಳಿದರು. ಆಮೇಲೆ ಬ್ಯಾಂಕಿನವರು ಬಂದರು, ಪಶು ಆಸ್ಪತ್ರೆಯವರು ಬಂದರು. ಅಜ್ಜಿ ದೊಡ್ಡ ಪಾತ್ರೆ ಕೊಂಡಿದ್ದು ಆಗಲೇ ಹೊರತು ಮೊದಲೇ ಅಲ್ಲ. ಬೆಂಗಳೂರಿನಲ್ಲಿ ಇದಕ್ಕೆ ಎಂವಿಪಿ ಅನ್ನುತ್ತಾರೆ, ಮಿನಿಮಮ್ ವಯಬಲ್ ಪ್ರಾಡಕ್ಟ್. ಕೊಳ್ಳುವವನ ಒಂದು ಕೆಲಸವನ್ನಾದರೂ ನಿಜವಾಗಿ ಮಾಡಿಕೊಡುವಂಥ, ಅತಿ ಚಿಕ್ಕ ರೂಪದ ಪದಾರ್ಥ. ಎರಿಕ್ ರೀಸ್ ಎಂಬಾತ 2011ರಲ್ಲಿ ಬರೆದ 'ದಿ ಲೀನ್ ಸ್ಟಾರ್ಟಪ್' ಪುಸ್ತಕದಿಂದ ಈ ಮಾತು ಎಲ್ಲ ಕಡೆ ಹರಡಿತು. ನಾನು ಆ ಪುಸ್ತಕ ಓದಿದ್ದೆ, ಗೆರೆ ಎಳೆದು ಓದಿದ್ದೆ. ಆದರೂ ಅಜ್ಜಿ ಮಾಡಿದ್ದನ್ನು ಮಾಡಲಿಲ್ಲ.

ನಮ್ಮ ನಾಲೆ ಬಯಲಿನಲ್ಲಿ ಭತ್ತದ ಕೊಯ್ಲಿಗೆ ಆಳು ಸಿಗುವುದಿಲ್ಲ, ಮಷಿನ್ನೂ ಸಕಾಲಕ್ಕೆ ಸಿಗುವುದಿಲ್ಲ. ರೈತರನ್ನೂ ಮಷಿನ್ ಮಾಲೀಕರನ್ನೂ ಸೇರಿಸುವ ಆ್ಯಪ್ ಮಾಡೋಣ ಅಂತ ಕೆಲಸ ಬಿಟ್ಟೆ. ಹತ್ತನೇ ತರಗತಿಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತ ಗೆಳೆಯನೂ ಸೇರಿದ. ಹೆಸರು ಹೇಳಬೇಡ ಅಂದಿದ್ದಾನೆ. ಅದೋ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ. ನನ್ನ ಪಿಎಫ್ ದುಡ್ಡು ಆರು ಲಕ್ಷ, ಅವನದು ಮೂರು, ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿಕೊಟ್ಟದ್ದು ಎರಡು. 14 ತಿಂಗಳು ಕೂತು ಕಟ್ಟಿದೆವು. ಮ್ಯಾಪು, ಆನ್‌ಲೈನ್ ಪಾವತಿ, ಐದು ಭಾಷೆ, ಮಾಲೀಕರಿಗೆ ನಕ್ಷತ್ರ ಕೊಡುವ ಏರ್ಪಾಡು! ಮೂರನೇ ತಿಂಗಳಲ್ಲೇ ಇವನು, "ಲೋ, ಒಂದ್ಸಲ ಊರಿಗೆ ಹೋಗಿ ರೈತರನ್ನ ಕೇಳೋಣ ಕಣೋ" ಅಂದ. "ಅರ್ಧಂಬರ್ಧ ತೋರಿಸಿದ್ರೆ ಹೆಸರು ಕೆಡುತ್ತೆ, ಪೂರ್ತಿ ಆಗ್ಲಿ" ಅಂದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಕೇಳಿದರೆ ಬೇಡ ಅಂದುಬಿಟ್ಟಾರು ಎಂಬ ಹೆದರಿಕೆ.

ಬಿಡುಗಡೆಯಾದ ಕೊಯ್ಲಿನ ಹಂಗಾಮಿನಲ್ಲಿ ಅದನ್ನು ಬಳಸಿದವರು 11 ಜನ. ಅದರಲ್ಲಿ ನಾಲ್ವರು ನಮ್ಮ ನೆಂಟರು.

ಆಮೇಲೆ ಊರಿಗೆ ಬಂದು ಅಪ್ಪನ ಜೊತೆ ಗದ್ದೆಗೆ ಹೋದೆ. ಪಕ್ಕದ ಗದ್ದೆಯ ದೊಡ್ಡಪ್ಪ ಬದುವಿನ ಮೇಲೆ ಕೂತು ಹೇಳಿದರು: "ಮಷಿನ್ ಎಲ್ಲೈತೆ ಅಂತ ನಂಗೊತ್ತು ಕಣಪ್ಪ, ಡ್ರೈವರ್ ನಂಬರೂ ಐತೆ. ನಂದಿರೋದು ಮೂವತ್ತು ಗುಂಟೆ, ಅಷ್ಟಕ್ಕೆ ಅವನು ಬರಲ್ಲ. ಬಂದ್ರೂ ರೋಡ್ ಪಕ್ಕದೋರು ಕೊಯ್ಯೋಗಂಟ ನನ್ ಗದ್ದೆಗೆ ಇಳಿಯಕ್ಕೆ ದಾರಿ ಎಲ್ಲೈತೆ?"

14 ತಿಂಗಳು, 11 ಲಕ್ಷ. ಉತ್ತರ ಬದುವಿನ ಮೇಲೆ ಕೂತಿತ್ತು. ರೈತರಿಗೆ ಮಷಿನ್ ಹುಡುಕಿಕೊಡುವುದು ಬೇಕಿರಲಿಲ್ಲ. ಒಂದೇ ಬಯಲಿನ ಹತ್ತಿಪ್ಪತ್ತು ಜನರನ್ನು ಒಗ್ಗೂಡಿಸಿ, ರೋಡಿನಿಂದ ಒಳಗೆ ಯಾರ ಗದ್ದೆ ಮೊದಲು, ಯಾರದು ಆಮೇಲೆ ಎಂದು ಸರದಿ ಹಾಕಿಕೊಡುವವರು ಬೇಕಿತ್ತು.

ಮುಂದಿನ ಬೆಳೆಗೆ ಆ್ಯಪ್ ಮುಚ್ಚಿಟ್ಟು ಒಂದು ನೋಟ್‌ಬುಕ್ಕು ಹಿಡಿದೆ. ಜೊತೆಗೆ ಫೋನು, ಅಷ್ಟೇ. ಬಯಲಿನ ನಕ್ಷೆ ಕೈಯಲ್ಲೇ ಬರೆದೆ. ಎಕರೆಗೆ 200 ರೂಪಾಯಿ ಮುಂಗಡ ಕೇಳಿದೆ. ಈ ಮುಂಗಡದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಜನ ಒಳ್ಳೆಯವರು, ಓದಿದ ಹುಡುಗ ಬಂದು ಕೇಳಿದರೆ "ಭಾಳ ಒಳ್ಳೇದಪ್ಪ, ಮಾಡು" ಅಂದೇ ಅನ್ನುತ್ತಾರೆ. ಆ ಮಾತನ್ನು ನಂಬಿ ಸಾಲ ಮಾಡಬಾರದು. ಜೇಬಿಗೆ ಕೈ ಹಾಕುತ್ತಾರಾ ನೋಡಬೇಕು. 23 ಜನ ಹಾಕಿದರು. ದೊಡ್ಡಪ್ಪ ಮೊದಲಿಗರಲ್ಲ, ಹದಿನೇಳನೆಯವರು!

ಚಿಕ್ಕದು ಎಂದರೆ ಅರೆಬರೆ ಎಂದಲ್ಲ. ನೋಟ್‌ಬುಕ್ಕಿನಲ್ಲಿ ಮಂಗಳವಾರ ಅಂತ ಬರೆದ ಮೇಲೆ ಮಷಿನ್ ಮಂಗಳವಾರ ಇಳಿಯಬೇಕು. ಒಮ್ಮೆ ಇಳಿಯಲಿಲ್ಲ, ರಾತ್ರಿ ಮಳೆ ಬಂದು ಇಬ್ಬರ ಭತ್ತ ಮಲಗಿತು. ಮುಂಗಡ ವಾಪಸ್ ಕೊಟ್ಟೆ, ಅವರ ಮನೆಗೆ ಹೋಗಿ ಬೈಸಿಕೊಂಡೆ. ಎರಡನೇ ಮಷಿನ್ನಿಗೆ ಮೊದಲೇ ಮಾತಾಡಿಟ್ಟಿರಬೇಕು ಎಂದು ಕಲಿತದ್ದು ಅಲ್ಲಿ.

ಇದು ಹಳ್ಳಿಗೆ ಮಾತ್ರ ಅಂದುಕೊಳ್ಳಬೇಡಿ. ನೀವು ಬಸ್ ಟಿಕೆಟ್ ತೆಗೆಯುವ ರೆಡ್‌ಬಸ್ ಶುರುವಾದದ್ದು 2006ರಲ್ಲಿ, ಬೆಂಗಳೂರಿನಲ್ಲಿ. ದೀಪಾವಳಿಗೆ ಊರಿಗೆ ಹೋಗಲು ಟಿಕೆಟ್ ಸಿಗದ ಫಣೀಂದ್ರ ಸಾಮಾ ಎಂಬ ಎಂಜಿನಿಯರು ಗೆಳೆಯರ ಜೊತೆ ಸೇರಿ ಮೊದಲು ಬರೆದದ್ದು ಬಸ್ ಮಾಲೀಕರಿಗಾಗಿ ಒಂದು ಸಾಫ್ಟ್‌ವೇರು. ಅದನ್ನು ಕೇಳುವವರಿಲ್ಲ. ಆಗ, ಕೆಲವು ಸೀಟು ಕೊಡಿ, ನಾವೇ ಮಾರಿಕೊಡುತ್ತೇವೆ ಅಂದರು. ಹಾಗೆ ಸಿಕ್ಕ ಬೆರಳೆಣಿಕೆಯ ಸೀಟುಗಳಿಂದ ವ್ಯಾಪಾರ ಬೆಳೆಯಿತು. 2013ರಲ್ಲಿ ಇಬಿಬೊ ಸಮೂಹ ಆ ಕಂಪನಿಯನ್ನು ಕೊಂಡಿತು. ಅವರೂ ಮೊದಲು ನನ್ನ ಹಾಗೆಯೇ ಎಡವಿದ್ದರು, ಬೇಗ ಎದ್ದರು.

ನಮ್ಮದು ಅಷ್ಟು ದೊಡ್ಡದಾಗಲಿಲ್ಲ, ಆಗುತ್ತದೆ ಎಂದೂ ಹೇಳಲಾರೆ. ಈಗ ನಾಲ್ಕು ಬಯಲು, ಆರು ಮಷಿನ್ನು. ಅಪ್ಪನ ಸೊಸೈಟಿ ಸಾಲ ತೀರಿದೆ. ಗೆಳೆಯನ ಮೂರು ಲಕ್ಷದಲ್ಲಿ ಒಂದೂವರೆ ಕೊಟ್ಟಿದ್ದೇನೆ, ಒಂದೂವರೆ ಬಾಕಿ. ದುಡ್ಡಿಗಿಂತ ದೊಡ್ಡ ಬಾಕಿ ಒಂದಿದೆ. ಮೂರನೇ ತಿಂಗಳಲ್ಲಿ ನೀನು ಹೇಳಿದ್ದೇ ಸರಿ ಕಣೋ. ಇದನ್ನು ನಿನ್ನೊಬ್ಬನಿಗೆ ಹೇಳುವ ಧೈರ್ಯ ಇರಲಿಲ್ಲ, ಅದಕ್ಕೆ ಎಲ್ಲರ ಮುಂದೆ ಹೇಳಿದೆ.

ನಿನ್ನೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಂದು, "ಬೆಳಗಿನ ಬಸ್ಸು ಕೆಲವು ದಿನ ಬರೋದೇ ಇಲ್ಲ ಸಾರ್, ಎಲ್ಲಿದೆ ಅಂತ ತೋರಿಸೋ ಆ್ಯಪ್ ಮಾಡಬೇಕು, ಎಷ್ಟು ಖರ್ಚಾಗುತ್ತೆ?" ಅಂದಳು. ಬಸ್ಸು ಹೊರಡುವ ಊರಿನಲ್ಲಿ ನಿಮ್ಮವರು ಯಾರಾದರೂ ಇದ್ದಾರಾ ಎಂದೆ. ಚಿಕ್ಕಮ್ಮ ಇದ್ದಾರಂತೆ, ನಿಲ್ದಾಣದ ಎದುರೇ ಮನೆ. ಹಾಗಾದರೆ ಬಸ್ಸು ಹೊರಟ ಕೂಡಲೇ ಚಿಕ್ಕಮ್ಮ ನಿಂಗೊಂದು ಫೋನ್ ಮಾಡಲಿ, ನೀನು ಹತ್ತು ಮನೆಗೆ ಮೆಸೇಜು ಹಾಕು. ಎರಡು ವಾರ ಎಷ್ಟು ಮನೆಯವರು ಅದನ್ನು ನೋಡಿಕೊಂಡು ಮಕ್ಕಳನ್ನು ಹೊರಡಿಸುತ್ತಾರೆ ಬರೆದಿಡು ಅಂದೆ. ಒಪ್ಪಿದ್ದಾಳೆ. ಸೋಮವಾರ ಬೆಳಿಗ್ಗೆ ಮೊದಲ ಮೆಸೇಜು. ಪಟ್ಟಿಯಲ್ಲಿ ನನ್ನ ನಂಬರನ್ನೂ ಸೇರಿಸಿಕೊಂಡಿದ್ದಾಳೆ, ಕಾಯುತ್ತಿದ್ದೇನೆ.