ಕಷ್ಟದ ವರ್ಷದಲ್ಲಿ ಕಲಿತ ಸ್ತೋತ್ರ

(ಕೂಟದ ವಾರ್ಷಿಕ ಕೃತಜ್ಞತಾ ಆರಾಧನೆಯಲ್ಲಿ ನಮ್ಮ ಲೈನಿನ ಸಹೋದರಿಯೊಬ್ಬರು ಮಾಡಿದ ಭಾಷಣ)



ಓದಿನ ವಿಷಯವಾಗಿ ಸಾಕ್ಷಿ ಹೇಳಬೇಕೆಂದು ಅಯ್ಯನವರು ಹೇಳಿಕಳುಹಿಸಿದರು. ಸಾಕ್ಷಿ ಎಂದರೆ ನಾವು ಸಾಮಾನ್ಯವಾಗಿ ಏನು ಹೇಳುತ್ತೇವೆ? ಕಷ್ಟ ಬಂತು, ಪ್ರಾರ್ಥಿಸಿದೆನು, ದೇವರು ಪಾಸು ಮಾಡಿಸಿದನು, ಸ್ತೋತ್ರ. ಆದರೆ ಕೇಳುತ್ತಾ ಕುಳಿತ ಮಕ್ಕಳಲ್ಲಿ ಫೇಲಾದವರೂ ಇರುತ್ತಾರೆ. ತನಗೇಕೆ ದೇವರು ಹಾಗೆ ಮಾಡಲಿಲ್ಲ ಎಂಬ ಪ್ರಶ್ನೆಯನ್ನು ಆ ಮಗು ಯಾರನ್ನೂ ಕೇಳದೆ ಮನೆಗೆ ಹೊತ್ತುಕೊಂಡು ಹೋಗುತ್ತದೆ. ಆದುದರಿಂದ ಈ ಸಾಯಂಕಾಲ ನನ್ನ ಅಂಕಗಳ ಮಾತನ್ನು ಎತ್ತುವುದಿಲ್ಲ.

ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯವನ್ನು ನೀವು ಬಲ್ಲಿರಿ. ಸೆರೆಯಲ್ಲಿ ಕುಳಿತು ಬರೆದ ಪತ್ರಿಕೆ ಅದು. ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರುವುದನ್ನು ತಾನು ಕಲಿತಿದ್ದೇನೆ ಎಂಬ ಅರ್ಥದಲ್ಲಿ ಅಲ್ಲಿ ಬರೆಯುತ್ತಾನೆ. ‘ಕಲಿತಿದ್ದೇನೆ’ ಎಂಬುದು ಶಾಲೆಯ ಮಾತು. ಪೌಲನಂಥ ಪೌಲನಿಗೂ ಅದು ಹುಟ್ಟಿನಿಂದ ಬಂದದ್ದಲ್ಲ. ಹಸಿವು ಒಂದು ಪಾಠ, ಹೊಟ್ಟೆ ತುಂಬಿದ್ದು ಒಂದು ಪಾಠ, ಸೆರೆಮನೆ ಒಂದು ಪಾಠ. ಹೀಗೆ ಕಲಿತನು. ನಾನು ಹೇಳಹೊರಟಿರುವುದೂ ಅಂಥ ಒಂದು ವರ್ಷದ ಪಾಠವನ್ನೇ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ್ದು ನಿಮಗೆ ನೆನಪಿದೆ. ಪಾಠ ಕಲ್ವಿ ಟಿವಿಯಲ್ಲಿ ಬಂತು, ಮಳೆ ಬಂದರೆ ಕರೆಂಟು ಹೋಯಿತು. ಫೋನಿನಲ್ಲಿ ಬಂತು, ಲೈನಿನಲ್ಲಿ ಸಿಗ್ನಲ್ ಇಲ್ಲ. ಮೇಲಿನ ಗುಡ್ಡಕ್ಕೆ ಹೋದರೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತಿತ್ತು, ಜೊತೆಗೆ ಆನೆಯ ಭಯವೂ ಜಿಗಣೆಯೂ. 2021ರಲ್ಲಿ ಪ್ಲಸ್ ಟೂ ಪರೀಕ್ಷೆಯೇ ನಡೆಯಲಿಲ್ಲ. ಹತ್ತನೆಯದರಿಂದ 50 ಪಾಲು, ಹನ್ನೊಂದರಿಂದ 20, ಹನ್ನೆರಡರಿಂದ 30 ಎಂದು ಲೆಕ್ಕ ಹಾಕಿ ಸರ್ಕಾರ ಅಂಕ ಕೊಟ್ಟಿತು. ಜನ ನಮಗೆ ‘ಕೊರೊನಾ ಪಾಸ್’ ಎಂದು ಹೆಸರಿಟ್ಟರು. ಪರೀಕ್ಷೆ ಬರೆಯಲು ತಯಾರಾಗಿ ಕುಳಿತ ಮಕ್ಕಳಿಗೆ ಆ ಮಾತು ಎಷ್ಟು ಚುಚ್ಚುತ್ತದೆಂದು ಅಂದವರಿಗೆ ತಿಳಿಯದು.

ಆ ಅಂಕಪಟ್ಟಿ ಹಿಡಿದು ಮೈಸೂರು ಕಡೆಯ ಒಂದು ನರ್ಸಿಂಗ್ ಶಾಲೆಗೆ ಸೇರಿದೆನು. ಅಜ್ಜಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಕಂಡವರ ಹೇಲು ಉಚ್ಚೆ ಬಳಿಯಲು ದುಡ್ಡು ಕೊಟ್ಟು ಕಲಿಯಬೇಕೇ ಎಂದು ಕೇಳಿದರು. ಅದು ಅಜ್ಜಿಯೊಬ್ಬರ ಮಾತಲ್ಲ. ಮೈಲಿಗೆಯ ಕೆಲಸವೆಂದು ಬೇರೆಯವರು ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿದ ಕಾಲದಲ್ಲಿ, ನಮ್ಮ ದೇಶದ ಆಸ್ಪತ್ರೆಗಳಿಗೆ ಬಹಳ ಮಂದಿ ನರ್ಸುಗಳು ಕ್ರೈಸ್ತ ಮನೆಗಳಿಂದಲೇ ಹೋದರು. ಶಿಷ್ಯರ ಕಾಲು ತೊಳೆದಾತನ ಹೆಸರು ಹೇಳುವ ನಮಗೆ ಅದೇನೂ ಹೊಸತಾಗಬಾರದು. ಅಜ್ಜಿಗೆ ಅಷ್ಟು ಹೇಳಿದೆನು. ಅವರು ಎಲೆಯಡಿಕೆ ಹಾಕಿಕೊಂಡು ಸುಮ್ಮನಾದರು, ಒಪ್ಪಿಕೊಂಡರೋ ಇಲ್ಲವೋ ಈವರೆಗೂ ತಿಳಿಯದು.

ಅಲ್ಲಿ ಹೋದಮೇಲೆ ಭಾಷೆಯ ಕಷ್ಟ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಈಗ ಪುಸ್ತಕವೆಲ್ಲ ಇಂಗ್ಲಿಷು. ಇಲ್ಲಿ ನಾವು ಕನ್ನಡದವರು, ಅಲ್ಲಿ ಹೋದರೆ ನಾನು ತಮಿಳುನಾಡಿನವಳು! ಕನ್ನಡ ಅಕ್ಷರ ನನಗೆ ಬಂದದ್ದು ಈ ಹಾಲಿನಲ್ಲಿ, ಭಾನುವಾರದ ಶಾಲೆಯಲ್ಲಿ, ಸತ್ಯವೇದದ ದಪ್ಪ ಅಕ್ಷರಗಳಿಂದ. ಬಾಸೆಲ್ ಮಿಷನ್ನಿನ ಕಿಟ್ಟೆಲರು 1853ರಲ್ಲಿ ಜರ್ಮನಿಯಿಂದ ಬಂದು, ಒಂದೊಂದು ಮಾತನ್ನಾಗಿ ನಮ್ಮ ಭಾಷೆಯನ್ನು ಕಲಿತು, 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಹೊರತಂದ ಸಂಗತಿಯನ್ನು ಇಲ್ಲಿಯೇ ನಮಗೆ ಹೇಳಿದ್ದರು. ನಲವತ್ತೊಂದು ವರ್ಷ! ನನಗೆ ಇದ್ದದ್ದು ಒಂದು ವರ್ಷ. ದಿನಕ್ಕೆ ಇಪ್ಪತ್ತು ಪದ ಬರೆದು ಗೋಡೆಗೆ ಅಂಟಿಸಿದೆನು.

ದಾನಿಯೇಲನ ಪುಸ್ತಕವನ್ನು ಆಗ ಹೊಸದಾಗಿ ಓದಿದ ಹಾಗಾಯಿತು. ನಾವು ಸಿಂಹದ ಗವಿಯನ್ನೇ ನೆನಪಿಡುತ್ತೇವೆ. ಮೊದಲ ಅಧ್ಯಾಯದಲ್ಲಿ ಅವನು ಹಾಸ್ಟೆಲ್ ಹುಡುಗ. ಪರದೇಶ, ಕಸ್ದೀಯರ ಭಾಷೆ, ಮೂರು ವರ್ಷದ ಓದು, ಇಟ್ಟ ಹೆಸರನ್ನೂ ಬದಲಾಯಿಸಿದರು. ಹತ್ತು ದಿನ ಕಾಯಿಪಲ್ಯ, ನೀರಿನ ಮೇಲೆ ಇದ್ದನಂತೆ. ನಮ್ಮ ಹಾಸ್ಟೆಲಿನ ಸಾಂಬಾರನ್ನು ಕಂಡಿದ್ದರೆ ಅವನು ನೀರೇ ಸಾಕು ಎನ್ನುತ್ತಿದ್ದನೋ ಏನೋ. ಮುಂದೆ ಆರನೆಯ ಅಧ್ಯಾಯದಲ್ಲಿ, ಪ್ರಾರ್ಥನೆ ಮಾಡಿದವನಿಗೆ ಸಾವು ಎಂಬ ಶಾಸನಕ್ಕೆ ರುಜು ಬಿದ್ದದ್ದು ತಿಳಿದ ಮೇಲೆಯೂ, ಮನೆಗೆ ಹೋಗಿ ಎಂದಿನಂತೆ ಸ್ತೋತ್ರ ಸಲ್ಲಿಸುತ್ತಾನೆ. ಗವಿಯಿಂದ ಬಿಡುಗಡೆ ಆಗುವ ಮೊದಲೇ ಸಲ್ಲಿಸಿದ ಸ್ತೋತ್ರ ಅದು. ಇದನ್ನು ಓದುವುದು ಸುಲಭ, ಪ್ರಿಯರೇ.

ಮೊದಲ ವರ್ಷದಲ್ಲಿ ಶರೀರದ ಎಲುಬುಗಳನ್ನು ಕಲಿಯಬೇಕು. ದೊಡ್ಡವರಲ್ಲಿ ಒಟ್ಟು 206. ಅವುಗಳಲ್ಲಿ ಒಂದು ಕೈಗೆ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, 27. ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಎರಡು ಕೈ ಸೇರಿ 54, ಅಂದರೆ ಇಡೀ ದೇಹದ ಎಲುಬುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು. ಸೃಷ್ಟಿಕರ್ತನು ಕೈಗೆ ಅಷ್ಟು ಲಕ್ಷ್ಯ ಕೊಟ್ಟಿದ್ದಾನೆ. ಎರಡು ಎಲೆ ಒಂದು ಕುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಚಟ್ಟನೆ ಮುರಿಯುವ ನಿಮ್ಮ ಕೈಯ ಕೆಲಸಕ್ಕೆ ಈ ಸಣ್ಣ ಎಲುಬುಗಳೆಲ್ಲ ಬೇಕು. ನನಗೆ ಹೆಸರುಗಳು ನಿಲ್ಲುತ್ತಿರಲಿಲ್ಲ. ಆಗ ಅಮ್ಮನ ಕೈಯನ್ನು ಮನಸ್ಸಿಗೆ ತಂದುಕೊಂಡು, ಕಪ್ಪು ಕಲೆಗಟ್ಟಿದ ಆ ಬೆರಳುಗಳ ಮೇಲೆ ಒಂದೊಂದು ಹೆಸರನ್ನು ಇಟ್ಟು ಓದಿದೆನು. ಆಮೇಲೆ ಮರೆಯಲಿಲ್ಲ.

ಅದೇ ವರ್ಷ ಆಹಾರದ ಪಾಠದಲ್ಲಿ ರಕ್ತಹೀನತೆ ಬಂತು. ಬೇಗ ಸುಸ್ತು, ಗುಡ್ಡ ಹತ್ತಿದರೆ ಏದುಸಿರು, ತಲೆಸುತ್ತು, ಬಿಳಿಚಿದ ಕಣ್ಣಿನ ಒಳರೆಪ್ಪೆ, ಮಣ್ಣೋ ಅಕ್ಕಿಯೋ ತಿನ್ನಬೇಕೆನ್ನುವ ಚಪಲ. ಬೋರ್ಡಿನ ಮೇಲೆ ಬರೆದದ್ದನ್ನು ನೋಡುತ್ತಾ ಇದು ರೋಗದ ಪಟ್ಟಿಯೋ, ನಮ್ಮ ಲೈನಿನ ಅಮ್ಮಂದಿರ ಪಟ್ಟಿಯೋ ಎಂದು ಅನ್ನಿಸಿತು. ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ‘ವಯಸ್ಸಾಯಿತು, ಸುಸ್ತು’ ಎಂದು ನೀವು ಹೇಳುವುದರಲ್ಲಿ ಅರ್ಧ ಈ ರೋಗವೇ.

2022ರ ಫೆಬ್ರವರಿಯಲ್ಲಿ ಒಂದು ರಾತ್ರಿ ಎಂಟು ಗಂಟೆಗೆ ಫೋನು ಬಂತು. ಅಮ್ಮ ಫೀಲ್ಡಿನಲ್ಲಿ ತಲೆಸುತ್ತಿ ಬಿದ್ದಿದ್ದರು, ಆಸ್ಪತ್ರೆಗೆ ಸೇರಿಸಿದ್ದರು. ಹಿಮೋಗ್ಲೋಬಿನ್ 6. ನನ್ನ ಹಾಸ್ಟೆಲ್ ಹಣಕ್ಕಾಗಿ ಅಮ್ಮ ಎಷ್ಟೋ ತಿಂಗಳಿಂದ ಒಂದು ಹೊತ್ತಿನ ಊಟ ಬಿಟ್ಟಿದ್ದರೆಂದು ಪಕ್ಕದ ಮನೆಯ ಅಕ್ಕ ಆಗ ಬಾಯಿಬಿಟ್ಟರು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಕಾಡಿನ ರಸ್ತೆಯನ್ನು ಮುಚ್ಚುವುದು ನಿಮಗೆಲ್ಲ ಗೊತ್ತು. ಆ ಹೊತ್ತಿನಲ್ಲಿ ಹೊರಟರೂ ಗೇಟಿನ ಈಚೆಗೇ ನಿಲ್ಲಬೇಕು. ಬೆಳಗಿನವರೆಗೂ ಕಾಯಬೇಕಾಯಿತು.

ಆ ರಾತ್ರಿ ನನಗೆ ಪ್ರಾರ್ಥನೆ ಬರಲಿಲ್ಲ. ಸ್ತೋತ್ರ ಎಂಬ ಮಾತು ಬಾಯಿಗೆ ಬಂದರೆ ಕೋಪ ಬರುತ್ತಿತ್ತು. ಯಾವುದಕ್ಕೆ ಸ್ತೋತ್ರ? ತಾಯಿಯ ರಕ್ತ ಇಳಿದು ಮಗಳ ಫೀಸು ಆದದ್ದಕ್ಕೆ ದೇವರಿಗೆ ವಂದನೆ ಹೇಳಬೇಕೇ? ಹೀಗೆ ಕುಳಿತಿದ್ದವಳ ಬಾಯಿಗೆ ಬಂದದ್ದು ಪಾಠದ ಮಾತು. ಸ್ಕಾಫಾಯ್ಡ್, ಲ್ಯೂನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್, ಟ್ರಪೀಜಿಯಂ, ಟ್ರಪೆಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ಅಮ್ಮನ ಮಣಿಕಟ್ಟಿನ ಎಂಟು ಎಲುಬುಗಳು. ಅವನ್ನೇ ಬೆಳಗಾಗುವವರೆಗೂ ಹೇಳಿಕೊಂಡೆನು. ಅದನ್ನು ಪ್ರಾರ್ಥನೆ ಎನ್ನುವಿರೋ ಇಲ್ಲವೋ, ಹಿರಿಯರು ತೀರ್ಮಾನಿಸಲಿ. ಆತನು ಕೇಳಿದನೆಂದೇ ನನ್ನ ನಂಬಿಕೆ. ಇಂಗ್ಲಿಷಿನಲ್ಲಿ ನಾನು ಮಾಡಿದ ಮೊದಲ ಪ್ರಾರ್ಥನೆಯೂ ಅದೇ.

ಎರಡು ಬಾಟಲಿ ರಕ್ತ ಕೊಟ್ಟರು. ಅದನ್ನು ದಾನ ಮಾಡಿದ ಇಬ್ಬರಲ್ಲಿ ಒಬ್ಬರು ನಮ್ಮ ಕೂಟದವರಲ್ಲ, ನಮ್ಮ ಮತದವರೂ ಅಲ್ಲ. ಈ ಮಾತು ಕೂಟದ ಪುಸ್ತಕದಲ್ಲಿ ಇರಲೆಂದು ಬೇಕೆಂದೇ ಹೇಳುತ್ತಿದ್ದೇನೆ. ಕಾಲೇಜು ಬಿಟ್ಟು ಕೆಲಸಕ್ಕೆ ಹೆಸರು ಕೊಡುತ್ತೇನೆಂದು ಅಮ್ಮನಿಗೆ ಹೇಳಿದಾಗ, ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಹಾಗಾದರೆ ಬಿಟ್ಟ ಊಟವನ್ನು ವಾಪಸು ತಂದುಕೊಡು ಎಂದರು. ನಾನು ಬಸ್ಸು ಹತ್ತಿದೆನು.

ಒಂದು ತಿಂಗಳ ಮೇಲೆ ಅಮ್ಮ ಕೆಲಸಕ್ಕೆ ಹೋದರು. ಕೈಯಲ್ಲಿ ಬಲವಿಲ್ಲ, ದಿನದ ತೂಕ ಬಾರದು. ಈಸ್ಟರಿಗೆ ಬಂದಾಗ ನೋಡಿದೆನು. ತೂಕಕ್ಕೆ ಹೋಗುವ ಮೊದಲು ಅದೇ ಸಾಲಿನ ಹೆಂಗಸರು ಅಮ್ಮನ ಹತ್ತಿರ ಹಾದುಹೋಗುವಾಗ ಒಂದೊಂದು ಹಿಡಿ ಎಲೆಯನ್ನು ಅವರ ಚೀಲಕ್ಕೆ ಹಾಕಿ, ಏನೂ ಆಗದವರ ಹಾಗೆ ಮುಂದೆ ಹೋಗುತ್ತಿದ್ದರು. ಒಂದು ಹಿಡಿಗೆ ಎಷ್ಟು ಪೈಸೆಯೋ, ಕೊಟ್ಟವರ ತೂಕದಲ್ಲಿ ಅದು ಕಡಿಮೆ. ಮೇಸ್ತ್ರಿ ಅಣ್ಣ ಆ ಹೊತ್ತಿಗೆ ಸರಿಯಾಗಿ ಬೀಡಿ ಹಚ್ಚಲು ಆ ಕಡೆ ತಿರುಗುತ್ತಿದ್ದರು. ಲೈನಿನ ಚೀಟಿಯನ್ನೂ ಆ ತಿಂಗಳು ಕೂಗದೆ ಅಮ್ಮನಿಗೇ ಬಿಟ್ಟಿದ್ದರು.

ರೂತಳ ಕಥೆಯಲ್ಲಿ ಇದೇ ಇದೆ. ಹಕ್ಕಲಾಯುವ ಪರದೇಶದ ಹೆಣ್ಣಿಗಾಗಿ, ಸಿವುಡಿನಿಂದ ತೆನೆಗಳನ್ನು ಬೇಕೆಂದೇ ಎಳೆದು ಬಿಡಿರಿ, ಅವಳನ್ನು ಗದರಿಸಬೇಡಿರಿ ಎಂದು ಬೋವಜನು ಆಳುಗಳಿಗೆ ಹೇಳುತ್ತಾನೆ. ನಾವು ಬೋವಜನನ್ನು ಹೊಗಳುತ್ತೇವೆ. ತೆನೆ ಎಳೆದು ಬಿಟ್ಟ ಆಳುಗಳ ಹೆಸರು ಎಲ್ಲೂ ಇಲ್ಲ. ನಮ್ಮ ಫೀಲ್ಡಿನಲ್ಲಿಯಾದರೋ ಹೇಳಲು ಬೋವಜನೂ ಇರಲಿಲ್ಲ, ಆಳುಗಳು ತಾವೇ ಮಾಡಿದರು. ದೇವರು ಎಲ್ಲಿದ್ದಾನೆ ಎಂದು ಫೆಬ್ರವರಿಯಲ್ಲಿ ಕೇಳಿದ್ದವಳಿಗೆ ಈಸ್ಟರಿನಲ್ಲಿ ಉತ್ತರ ಸಿಕ್ಕಿತು. ಆ ದಿನ ಸ್ತೋತ್ರ ಬಾಯಿಗೆ ತಾನಾಗಿ ಬಂತು, ಕೋಪ ಪೂರಾ ಹೋಗದೆಯೇ ಬಂತು.

ಕೋಪ ಹೋಗಬೇಕಾಗಿಯೂ ಇಲ್ಲವೆಂದು ನನಗೆ ತೋರುತ್ತದೆ. ಎಲ್ಲಾದರಲ್ಲಿಯೂ ಸ್ತೋತ್ರ ಮಾಡಬೇಕೆಂದು ಬೋಧಿಸಿದ ಪೌಲನೇ, ದುಡಿದವನಿಗೆ ಸಿಗುವ ಕೂಲಿ ಕೃಪೆಯಲ್ಲ, ಸಲ್ಲತಕ್ಕ ಬಾಕಿ ಎಂಬರ್ಥದಲ್ಲಿ ರೋಮಾಪುರದವರಿಗೆ ಬರೆದಿದ್ದಾನೆ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಔಷಧೋಪಚಾರ, ಕ್ರೆಶ್, ಮಕ್ಕಳ ಶಾಲೆ, ಮನೆ ಎಲ್ಲದರ ಮಾತೂ ಇತ್ತು. 2020ರಲ್ಲಿ ಪಾರ್ಲಿಮೆಂಟು ಮಾಡಿದ ಸಂಹಿತೆಯೊಳಗೆ ಅದನ್ನು ಸೇರಿಸಿದ್ದಾರೆ. ಅಲ್ಲಿ ಬರೆದಿರುವುದು ಬಾಕಿ. ಅದನ್ನು ಕೇಳಿ ಪಡೆಯಬೇಕು, ಪಡೆದಾಗ ರಸೀತಿ ಕೊಟ್ಟರೆ ಸಾಕು. ಅಮ್ಮನ ಚೀಲಕ್ಕೆ ಬಿದ್ದ ಹಿಡಿ ಎಲೆ ಬಾಕಿಯಲ್ಲ. ಸ್ತೋತ್ರ ಸಲ್ಲುವುದು ಅದಕ್ಕೆ. ಇವೆರಡನ್ನೂ ಕಲಸಿಬಿಟ್ಟರೆ ಕೃತಜ್ಞತೆಯ ಹೆಸರಿನಲ್ಲಿ ನಾವು ಯಾರ ಮುಂದೆ ಬೇಕಾದರೂ ಕೈಕಟ್ಟಿ ನಿಲ್ಲುವವರಾಗುತ್ತೇವೆ.

ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ನಿಮಗಾಗಿ ಮನೆಯಲ್ಲಿ ಯಾರು ಏನು ಬಿಟ್ಟಿದ್ದಾರೆಂದು ಕೇಳಿ ತಿಳಿದುಕೊಳ್ಳಿರಿ. ಅವರಾಗಿ ಹೇಳುವುದಿಲ್ಲ. ಫಿಲಿಪ್ಪಿಯವರು ಪೌಲನಿಗೆ ಕಳುಹಿಸಿದ್ದನ್ನು ಹೊತ್ತು ತಂದ ಎಪಫ್ರೊದೀತನು ಆ ಕೆಲಸದಲ್ಲಿ ಸಾಯುವಷ್ಟು ರೋಗಕ್ಕೆ ಬಿದ್ದಿದ್ದನು. ಪೌಲನು ಅದನ್ನು ತಿಳಿದುಕೊಂಡು, ಪತ್ರಿಕೆಯಲ್ಲಿ ಹೆಸರು ಹಿಡಿದು ಬರೆದು, ಅವನನ್ನು ಊರಿಗೆ ಕಳುಹಿಸಿಕೊಟ್ಟನು.

ಈಗ ಅಮ್ಮಂದಿರೇ, ಆರಾಧನೆ ಮುಗಿದ ಮೇಲೆ ಯಾರೂ ಬೇಗ ಹೋಗಬೇಡಿರಿ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ನೋಡುವ ಯಂತ್ರ ತಂದಿದ್ದೇನೆ. ಕಡಿಮೆ ಇದ್ದವರಿಗೆ ಚೀಟಿ ಬರೆದುಕೊಡುತ್ತೇನೆ, ಅದನ್ನು ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಕಬ್ಬಿಣದ ಮಾತ್ರೆ ಕೊಟ್ಟರೆ ಮಲ ಕಪ್ಪಾಗುತ್ತದೆ, ಹೆದರಬೇಡಿರಿ. ಹೊಟ್ಟೆ ಕೆಟ್ಟರೆ ಊಟದ ಮೇಲೆ ತೆಗೆದುಕೊಳ್ಳಿರಿ. ಬರಿಗಾಲಲ್ಲಿ ಒದ್ದೆ ಮಣ್ಣಿನಲ್ಲಿ ನಡೆದರೆ ಕೊಕ್ಕೆಹುಳು ಹತ್ತುತ್ತದೆ, ಅದು ಕರುಳಿನಲ್ಲಿ ಕುಳಿತು ರಕ್ತ ಹೀರುತ್ತದೆ, ಅದರ ಮಾತ್ರೆಯನ್ನೂ ಕೇಳಿರಿ. ಮುಖ್ಯವಾದದ್ದು ಇದು: ಕಬ್ಬಿಣದ ಮಾತ್ರೆಯನ್ನು ಟೀ ಜೊತೆಗೆ ನುಂಗಲೇಬಾರದು. ಟೀ ಆ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ನಿಂಬೆಹಣ್ಣಿನ ನೀರಿನಲ್ಲಿ ನುಂಗಿ, ಟೀಯನ್ನು ಒಂದು ಗಂಟೆ ಬಿಟ್ಟು ಕುಡಿಯಿರಿ. ಜೀವಮಾನವೆಲ್ಲ ಟೀ ಎಲೆ ಕಿತ್ತವರಿಗೆ ಇದನ್ನು ಹೇಳಲು ನನಗೂ ಸಂಕೋಚವೇ. ಅಮ್ಮ ಮೊದಲಿಗೆ ಒಪ್ಪಲಿಲ್ಲ, ಈಗ ಗಡಿಯಾರ ನೋಡಿಕೊಂಡು ಕುಳಿತಿರುತ್ತಾರೆ. ಕಳೆದ ತಿಂಗಳು ನೋಡಿದಾಗ 11 ಗ್ರಾಂ ಇತ್ತು. ಮುಂದಿನ ಬೆಂಚಿನವರಿಂದ ಶುರು ಮಾಡೋಣ, ಕೈ ತೊಳೆದುಕೊಂಡು ಬನ್ನಿರಿ.